ಟೆಸ್ಟಿಂಗ್ ಪಟ್ಟಿಯ ಮೋಹ

ಫಾರ್ಮುಲಾ ಒನ್ ಕಾರ್ ರೇಸಿನ ಋತುವಿಗೆ ಮುಂಚೆ ನಡೆಯುವ ಟೆಸ್ಟಿಂಗ್‌ನಲ್ಲಿ, ಅಂದರೆ ಪರೀಕ್ಷಾ ಓಟದಲ್ಲಿ, ಯಾರು ಎಷ್ಟು ಬೇಗ ಸುತ್ತು ಮುಗಿಸಿದರು ಎಂಬ ಪಟ್ಟಿಯನ್ನು ನಂಬಬಾರದು ಎಂದು ಪ್ರತಿವರ್ಷ ಶಪಥ ಮಾಡುತ್ತೇನೆ. ಮೊದಲ ದಿನವೇ ಮುರಿಯುತ್ತೇನೆ.

2019ರಲ್ಲಿ ಪೂರ್ತಿ ಮೋಸಹೋದೆ. ಬಾರ್ಸಿಲೋನಾ ಟೆಸ್ಟಿಂಗ್‌ನಲ್ಲಿ ಅತಿ ವೇಗದ ಸುತ್ತಿಗೆ ಫೆರಾರಿ ತಂಡದ ವೆಟ್ಟೆಲ್ 1:16.221, ಮರ್ಸಿಡಿಸ್‌ನ ಹ್ಯಾಮಿಲ್ಟನ್ 1:16.224. ಸೆಕೆಂಡಿನ ಮೂರೇ ಸಹಸ್ರಾಂಶ ಅಂತರ! ಅದಕ್ಕಿಂತ ಹೆಚ್ಚಾಗಿ ಎರಡು ವಾರ ಫೆರಾರಿ ಓಡಿದ ಠೀವಿ ನೋಡಿ, ಈ ಸಲ ಕೆಂಪು ಕಾರಿನದೇ ಕಾಲ ಎಂದುಕೊಂಡೆ. ಮೆಲ್ಬರ್ನ್‌ನ ಮೊದಲ ರೇಸಿನಲ್ಲಿ ಮರ್ಸಿಡಿಸ್‌ನ ಬೊಟ್ಟಾಸ್ ಗೆದ್ದರು, ವೆಟ್ಟೆಲ್ ಸುಮಾರು ಒಂದು ನಿಮಿಷ ಹಿಂದೆ ನಾಲ್ಕನೆಯವರಾಗಿ ಬಂದರು. ಮೊದಲ ಐದು ರೇಸುಗಳಲ್ಲೂ ಮೊದಲೆರಡು ಸ್ಥಾನ ಮರ್ಸಿಡಿಸ್‌ಗೇ.

ಹತ್ತು ಕಿಲೋ ಇಂಧನ ಹೆಚ್ಚಿದರೆ ಒಂದು ಸುತ್ತಿಗೆ ಅಂದಾಜು 0.3 ಸೆಕೆಂಡು ನಷ್ಟ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಯಾವ ತಂಡವೂ ಹೇಳುವುದಿಲ್ಲ. ಎಂಜಿನ್ನಿನ ಶಕ್ತಿ ಎಷ್ಟು ಬಳಸುತ್ತಿದ್ದಾರೆ, ಅದೂ ಗುಟ್ಟು. ಹಾಗಾಗಿ ಈಗ ಒಂಟಿ ಸುತ್ತಿನ ವೇಗ ಬಿಟ್ಟು ದೀರ್ಘ ಓಟಗಳನ್ನು ನೋಡುತ್ತೇನೆ: ಒಂದೇ ಟೈರಿನಲ್ಲಿ ಹದಿನೈದು ಸುತ್ತು ಹೋದಾಗ ಸಮಯ ಎಷ್ಟು ಜಾರುತ್ತದೆ, ತಿರುವಿನಲ್ಲಿ ಚಾಲಕ ಸ್ಟಿಯರಿಂಗ್ ಜೊತೆ ಎಷ್ಟು ಗುದ್ದಾಡುತ್ತಾನೆ. ಕಾರು ಗ್ಯಾರೇಜಿನಲ್ಲೇ ಕೂತಿದ್ದರೆ ಮಾತ್ರ ಲೆಕ್ಕಾಚಾರ ಬೇಕಿಲ್ಲ, ಏನೋ ಕೆಟ್ಟಿದೆ ಎಂದೇ ಅರ್ಥ.

ಇಷ್ಟೆಲ್ಲ ಜಾಣತನ ಬಂದ ಮೇಲೆ 2009 ನೆನಪಾಗುತ್ತದೆ. ಬ್ರಾನ್ ತಂಡ ಟೆಸ್ಟಿಂಗ್‌ಗೆ ತಡವಾಗಿ ಬಂದು ಎಲ್ಲರನ್ನೂ ಹಿಂದಿಕ್ಕಿದಾಗ, ಪ್ರಾಯೋಜಕರನ್ನು ಸೆಳೆಯಲು ಹಗುರ ಕಾರು ಓಡಿಸುತ್ತಿದ್ದಾರೆ ಎಂದು ಶಂಕಿಸಿದವರಿದ್ದರು. ಆ ವರ್ಷ ಚಾಲಕರ ಮತ್ತು ತಂಡಗಳ ಎರಡೂ ಪ್ರಶಸ್ತಿ ಬ್ರಾನ್‌ಗೇ ಹೋಯಿತು.