ಮಾವನ ಸೀಸದ ಅಕ್ಷರಗಳು

ತುಮಕೂರಿನ ಒಂದು ಸಣ್ಣ ಅಚ್ಚುಕೂಟದಲ್ಲಿ ನಮ್ಮ ಸೋದರಮಾವ ಮೊಳೆ, ಅಂದರೆ ಅಚ್ಚಿಗೆ ಬಳಸುವ ಸೀಸದ ಬಿಡಿ ಅಕ್ಷರ, ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿ ಪುಸ್ತಕ, ಎಲ್ಲಾ ಅವರ ಕೈಯಲ್ಲೇ. ರಜೆಗೆ ಹೋದಾಗ ನಾನು ಸುಮ್ನೆ ನಿಂತು ನೋಡುತ್ತಿದ್ದೆ. ಸೀಸದ ಅಕ್ಷರಗಳೆಲ್ಲ ಉಲ್ಟಾ, ಆದರೂ ಮಾವ ಸಲೀಸಾಗಿ ಓದುತ್ತಿದ್ದರು. ಇಂಗ್ಲಿಷಿಗೆ 26 ಅಕ್ಷರ, ದೊಡ್ಡವು ಚಿಕ್ಕವು ಸೇರಿದರೂ ಕಡಿಮೆಯೇ. ನಮಗೋ ಕಾಗುಣಿತ ಬೇಕು, ಒತ್ತು ಬೇಕು, ಹಾಗಾಗಿ ಮೊಳೆ ಇಡುವ ಖಾನೆಗಳೂ ಜಾಸ್ತಿ, ಕೈ ಓಡಾಡುವುದೂ ಜಾಸ್ತಿ.

ಗುಟೆನ್‌ಬರ್ಗ್, ಯುರೋಪಿನಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವುದನ್ನು ಶುರು ಮಾಡಿದವ, 1455ರ ಹೊತ್ತಿಗೆ ಜರ್ಮನಿಯ ಮೈನ್ಜ್‌ನಲ್ಲಿ ಬೈಬಲ್ ಅಚ್ಚು ಹಾಕಿದಾಗ ಅಕ್ಷರಗಳನ್ನು ಕೈಬರಹದ ಹಾಗೆಯೇ ಮಾಡಿಸಿದ್ದ. ಓದುವವರ ಕಣ್ಣಿಗೆ ಅದೇ ರೂಢಿ ಅಲ್ವಾ? ಪುಸ್ತಕ ಅಗ್ಗವಾಗುತ್ತಾ ಹೋಯಿತು, ಓದುವವರು ಹೆಚ್ಚಿದರು.

ನಮ್ಮಲ್ಲಿ 1843ರಲ್ಲಿ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದದ್ದು ಕಲ್ಲಚ್ಚಿನಲ್ಲಿ. ಅದಕ್ಕೆ ಮೊಳೆ ಬೇಡ, ಕಲ್ಲಿನ ಮೇಲೆ ಮೂಡಿಸಿದ ಬರಹವೇ ಅಚ್ಚಾಗುತ್ತದೆ. ಒತ್ತಕ್ಷರದ ಭಾಷೆಗೆ ಎಂಥ ಅನುಕೂಲ!

ಮಾವ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಟ್ಟು, ಒತ್ತು ಕೆಳಗಿನ ಸಾಲಿಗೆ ತಾಗದಂತೆ ನೋಡಿಕೊಳ್ಳುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಆ ಅಂತರಕ್ಕೆ ಲೆಡಿಂಗ್ ಅಂತಾರೆ. ಲೆಡ್ ಅಂದರೆ ಸೀಸ. ಪೋಸ್ಟರ್ ಮಾಡುವಾಗ ಆ ಅಂತರ ಹೆಚ್ಚಿಸಿದಾಗಲೆಲ್ಲ ನನಗೆ ಮಾವನ ಕಪ್ಪು ಬೆರಳುಗಳೇ ಕಾಣುತ್ತವೆ.