ಎಲೆತುಕ್ಕು ಹುಡುಕುವ ಯಂತ್ರದ ಕಣ್ಣು

ಚಿಕ್ಕಮಗಳೂರಿನ ಅರೇಬಿಕಾ ಕಾಫಿ ತೋಟಗಳಲ್ಲಿ ಎಲೆತುಕ್ಕು ಎಂಬ ಶಿಲೀಂಧ್ರ ರೋಗವನ್ನು ಗುರುತಿಸಲು ಚಿತ್ರ ನೋಡಿ ಕಲಿಯುವ ಕಂಪ್ಯೂಟರ್ ಜಾಲ, ಅಂದರೆ ನ್ಯೂರಲ್ ನೆಟ್‌ವರ್ಕ್ ಕಟ್ಟುವವರು ಎಲೆ ಮಗುಚಿ ಫೋಟೊ ತೆಗೆಯಬೇಕು. ರೋಗದ ಕಿತ್ತಳೆ ಬಣ್ಣದ ಪುಡಿ ಇರುವುದು ಅಡಿಭಾಗದಲ್ಲಿ. ದೊಡ್ಡ ಚಿತ್ರವನ್ನು 224×224 ಪಿಕ್ಸೆಲ್‌ಗೆ ಕುಗ್ಗಿಸಿದರೆ ಎಳೆಯ ಚುಕ್ಕೆಗಳು ಅಳಿಸಿಹೋಗುತ್ತವೆ, ತುಂಡು ಮಾಡಿ ಕೊಡಿ.

ದೊಡ್ಡ ಎಡವಟ್ಟು ಬೇರೆ. ಒಂದೇ ಗಿಡದ ಎಲೆಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋದರೆ ಅಂಕ ಸುಳ್ಳಾಗಿ ಏರುತ್ತದೆ, ತೋಟವಾರು ಬೇರ್ಪಡಿಸಿ. ರೋಗದ ಎಲೆಗಳೆಲ್ಲ ಸಿಲ್ವರ್ ಓಕ್ ನೆರಳಲ್ಲಿ, ಉಳಿದವು ಬಿಸಿಲಲ್ಲಿ ತೆಗೆದದ್ದಾದರೆ ಜಾಲ ಕಲಿಯುವುದು ನೆರಳನ್ನೇ. ಜಾಲ ಚಿತ್ರದ ಯಾವ ಭಾಗ ನೋಡಿ ತೀರ್ಮಾನಿಸಿತು ಎಂದು ತೋರಿಸುವ ಗ್ರ್ಯಾಡ್-ಕ್ಯಾಮ್ ನಕ್ಷೆಯಲ್ಲಿ ಇಂಥದ್ದು ಎಷ್ಟೋ ಸಲ ಬಯಲಾಗುತ್ತದೆ.

ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮೆದುಳಲ್ಲಿ ಕಂಡ ನೋಟದ ಕೋಶಗಳಿಂದ ಪ್ರೇರಿತರಾಗಿ ಜಪಾನಿನ ವಿಜ್ಞಾನಿ ಫುಕುಶಿಮಾ 1980ರಲ್ಲಿ ಇಂದಿನ ಚಿತ್ರ ಗುರುತಿಸುವ ಜಾಲಗಳ ಪೂರ್ವಜ ನಿಯೋಕಾಗ್ನಿಟ್ರಾನ್ ರೂಪಿಸಿದರು. ಮೂಲ ಮೆದುಳೇ ಆದರೂ ಇಂಥ ಜಾಲಕ್ಕೆ ಅರಿವು, ಅಂದರೆ ಪ್ರಜ್ಞೆ, ಇದೆ ಎನ್ನುವುದನ್ನು ನಾನು ಒಪ್ಪಲಾರೆ. ಇಲ್ಲಿ ಸಂಕೇತ ಒಂದೇ ದಿಕ್ಕಿಗೆ ಹರಿಯುತ್ತದೆ. ಮೆದುಳಲ್ಲಿ ಹಿಂದಕ್ಕೂ ಹರಿಯುತ್ತದೆ. ನರವಿಜ್ಞಾನಿ ವಿಕ್ಟರ್ ಲಾಮೆ ಪ್ರಜ್ಞೆಯನ್ನು ಹುಡುಕುವುದು ಆ ಮರುಹರಿವಿನಲ್ಲೇ.