ಸ್ಪೆನ್ಸರ್‌ನ ಸನ್ಯಾಸಿಗಳ ಜೆಲ್ಲಿ: ಹೊರಡುವ ಮುಂಚೆ ಇಷ್ಟು ಓದಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್‌ನಲ್ಲಿ ಟ್ರಾಪಿಸ್ಟ್ ಅನ್ನುವ ಕಟ್ಟುನಿಟ್ಟಿನ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳ ಮಠವಿದೆ, ಅವರ ಜೆಲ್ಲಿಗೆ ಹೆಸರು. ಮೊದಲೇ ಹೇಳಿಬಿಡುತ್ತೇನೆ. ಬರೀ ಜೆಲ್ಲಿ ತರೋಕೆ ಅಂತ ಸ್ಪೆನ್ಸರ್‌ಗೆ ಹೋಗಬೇಡಿ. ‘ಟ್ರಾಪಿಸ್ಟ್ ಪ್ರಿಸರ್ವ್ಸ್’ ಅನ್ನುವ ಅದೇ ಬಾಟಲಿ ಬಾಸ್ಟನ್ ಸುತ್ತಲಿನ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ಕಡಲೆಕಾಯಿ ಬೆಣ್ಣೆ ಇಡುವ ಸಾಲಿನಲ್ಲೇ ಹುಡುಕಿ. ಹೋಗುವುದಾದರೆ ಆ ಜಾಗಕ್ಕಾಗಿ ಹೋಗಿ, ಸಂಜೆಯ ಪ್ರಾರ್ಥನೆಗಾಗಿ ಹೋಗಿ. ಮತ್ತು ದಯವಿಟ್ಟು ಕಾರಿನಲ್ಲಿ ಹೋಗಿ.

ನಾವು ಕಾರಿಲ್ಲದೆ ಹೋದವರು. ಬಾಸ್ಟನ್‌ನ ಸೌತ್ ಸ್ಟೇಷನ್‌ನಿಂದ ವುಸ್ಟರ್‌ಗೆ ಲೋಕಲ್ ರೈಲು, ಹತ್ತಿರ ಹತ್ತಿರ ಒಂದೂವರೆ ಗಂಟೆ. ಅಲ್ಲಿಂದ ಸ್ಪೆನ್ಸರ್ ಪೇಟೆಗೆ ಬಸ್ಸು. ವುಸ್ಟರ್ ಕಡೆಯ ಸಿಟಿ ಬಸ್ಸುಗಳಲ್ಲಿ 2020ರಿಂದ ಟಿಕೆಟ್ಟೇ ತೆಗೆದುಕೊಳ್ಳುವುದಿಲ್ಲ, ಸುಮ್ನೆ ಹತ್ತಿ ಕೂತರಾಯಿತು. ಇಲ್ಲಿವರೆಗೆ ಎಲ್ಲ ಸುಖ. ತೊಂದರೆ ಶುರುವಾಗುವುದು ಪೇಟೆಯಿಂದ ಮಠಕ್ಕೆ ಹೋಗುವ ಕೊನೆಯ ಆರೇಳು ಕಿಲೋಮೀಟರಿನಲ್ಲಿ. ಉತ್ತರಕ್ಕೆ ಹೋಗುವ ರಸ್ತೆ 31ರಲ್ಲಿ ಬಸ್ಸಿಲ್ಲ. ನಡೆಯೋಣ ಅಂದರೆ ಫುಟ್‌ಪಾತ್ ಇಲ್ಲ, ಕಾರುಗಳು ಭರ್ರನೆ ಪಕ್ಕಕ್ಕೇ ಉಜ್ಜಿಕೊಂಡು ಹೋಗುತ್ತವೆ. ಫೋನಿನಲ್ಲಿ ಟ್ಯಾಕ್ಸಿ ಕರೆದೆವು, ಹೋಗುವಾಗ ಸಿಕ್ಕಿತು. ವಾಪಸ್ ಬರುವಾಗ ಮುಕ್ಕಾಲು ಗಂಟೆ ಪರದೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. ಕೊನೆಗೆ ಒಬ್ಬ ಒಪ್ಪಿದ. ಅವನು ವುಸ್ಟರ್‌ನಿಂದ ಖಾಲಿ ಬರಬೇಕಾದ ದುಡ್ಡನ್ನೂ ನಮ್ಮಿಂದಲೇ ಕಿತ್ತುಕೊಂಡ. ಆ ದುಡ್ಡಿಗೆ ಒಂದು ದಿನ ಬಾಡಿಗೆ ಕಾರೇ ಬರುತ್ತಿತ್ತು.

ರೂಮಿನ ಕಥೆ ಇನ್ನೂ ಬೇಜಾರಿನದು. ಹೆದ್ದಾರಿ ಪಕ್ಕದ ಒಂದು ಮೋಟೆಲ್. ಕಾರ್ಪೆಟ್‌ನಲ್ಲಿ ಹಳೆಯ ಸಿಗರೇಟಿನ ವಾಸನೆ. ಕಿಟಕಿ ಅರ್ಧ ಮಾತ್ರ ತೆರೆಯುತ್ತಿತ್ತು. ಬಿಸಿನೀರು ಬರುವುದಕ್ಕೆ ಕಾಲು ಗಂಟೆ. ಇದಕ್ಕೆ ಬಾಸ್ಟನ್ ಹೋಟೆಲಿನ ರೇಟು! ಯಾಕಪ್ಪಾ ಅಂತ ಕೇಳಿದರೆ, ಹತ್ತಿರದ ಬ್ರಿಮ್‌ಫೀಲ್ಡ್‌ನಲ್ಲಿ ಹಳೆಯ ವಸ್ತುಗಳ ಸಂತೆ ನಡೆಯುತ್ತಿದೆ ಅಂದರು. ಈ ಸಂತೆ ವರ್ಷಕ್ಕೆ ಮೂರು ಸಲ, ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಸೇರುತ್ತದೆ. ಸುತ್ತಮುತ್ತಲ ರೂಮುಗಳಿಗೆ ಆಗ ಚಿನ್ನದ ಬೆಲೆ. ಬ್ರಿಮ್‌ಫೀಲ್ಡ್ ತಾರೀಖು ನೋಡಿಕೊಂಡು ಆ ವಾರ ಬಿಟ್ಟು ಹೋಗಿ. ಹಳೆ ಕುರ್ಚಿ, ಹಿತ್ತಾಳೆ ದೀಪ ಅಂದರೆ ಪ್ರಾಣ ಬಿಡುವವರು ಆ ವಾರವೇ ಹೋಗಬಹುದು. ನನಗಂತೂ ಜನಜಂಗುಳಿ ಕಂಡರೆ ತಲೆನೋವು.

ಊಟದ ವಿಷಯಕ್ಕೆ ಬಂದರೆ, ಈ ಪ್ರವಾಸದಲ್ಲಿ ದುಡ್ಡಿಗೆ ತಕ್ಕ ಸುಖ ಕೊಟ್ಟಿದ್ದು ವುಸ್ಟರ್‌ನ ‘ಮಿಸ್ ವುಸ್ಟರ್ ಡೈನರ್’ ಅನ್ನುವ ಪುಟ್ಟ ಹೋಟೆಲು. ಸೌತ್‌ಬ್ರಿಡ್ಜ್ ಸ್ಟ್ರೀಟ್‌ನಲ್ಲಿದೆ. ಹೊರಗಿನಿಂದ ನೋಡಿದರೆ ಹಳಿ ತಪ್ಪಿ ಬಂದು ನಿಂತ ರೈಲುಡಬ್ಬಿಯ ಹಾಗೆ. ಇಂಥ ಡೈನರ್‌ಗಳನ್ನು ಇದೇ ಊರಿನ ವುಸ್ಟರ್ ಲಂಚ್ ಕಾರ್ ಕಂಪನಿ 1906ರಿಂದ ಅರ್ಧ ಶತಮಾನ ತಯಾರಿಸಿ ಬೇರೆ ಬೇರೆ ಊರುಗಳಿಗೆ ಕಳಿಸುತ್ತಿತ್ತು. ಇದು 1948ರದ್ದು, ಆ ಫ್ಯಾಕ್ಟರಿ ಇದ್ದ ಜಾಗದ ಎದುರಿಗೇ ಇದೆ. ಒಳಗೆ ಕಮಾನಿನ ಚಾವಣಿ, ಉದ್ದ ಕೌಂಟರ್, ತಿರುಗುವ ಸ್ಟೂಲುಗಳು. ಕೌಂಟರಿನಲ್ಲೇ ಕೂರಿ, ಅಡುಗೆ ಕಣ್ಣೆದುರೇ ಆಗುತ್ತದೆ. ಫ್ರೆಂಚ್ ಟೋಸ್ಟ್ ದಪ್ಪಗೆ, ಅಂಚು ಗರಿಗರಿ, ಒಳಗೆ ಮೆತ್ತಗೆ. ಒಂದು ತಟ್ಟೆ ಇಬ್ಬರಿಗೆ ಧಾರಾಳ. ಪಕ್ಕದಲ್ಲಿ ಈರುಳ್ಳಿ ಜೊತೆ ಕೆಂಪಗೆ ಹುರಿದ ಆಲೂಗಡ್ಡೆ. ಬಡಿಸಿದ ಹೆಂಗಸು ಕೇಳದೆಯೇ ಕಾಫಿ ತುಂಬುತ್ತಾ ಹೋದರು. ಕಾಫಿ ನೀರುನೀರು ಬಿಡಿ, ಅಮೆರಿಕದಲ್ಲಿ ಅದನ್ನೆಲ್ಲ ಕೇಳಬಾರದು. ಒಂದು ಎಚ್ಚರಿಕೆ: ಮೊಟ್ಟೆ ತಿನ್ನದವರಿಗೆ ಇಲ್ಲಿ ಜಾಸ್ತಿ ಏನೂ ಇಲ್ಲ. ಆಲೂಗಡ್ಡೆ ಹುರಿಯುವ ಕಾವಲಿ ಮೇಲೇ ಬೇಕನ್, ಅಂದರೆ ಹಂದಿ ಮಾಂಸವೂ ಬೇಯುತ್ತದೆ. ಕಟ್ಟುನಿಟ್ಟಿನವರು ರೈಲಿನ ದಾರಿಯಲ್ಲೇ ಬರುವ ಆಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನಕ್ಕೆ ಹೋಗಿಬರುವುದು ಮೇಲು.

ಇನ್ನು ಮಠ. ಹೆಸರು ಸೇಂಟ್ ಜೋಸೆಫ್ಸ್ ಆ್ಯಬಿ. ಇಲ್ಲಿನವರು ಟ್ರಾಪಿಸ್ಟ್ ಸನ್ಯಾಸಿಗಳು. ಮೊದಲು ರೋಡ್ ಐಲೆಂಡ್‌ನಲ್ಲಿದ್ದರು. 1950ರಲ್ಲಿ ಆ ಮಠಕ್ಕೆ ಬೆಂಕಿ ಬಿತ್ತು, ಅದೇ ವರ್ಷ ಸ್ಪೆನ್ಸರ್‌ನ ಒಂದು ಡೇರಿ ಫಾರ್ಮಿಗೆ ಬಂದರು. ಸುತ್ತಲಿನ ಹೊಲಗಳ ಕಲ್ಲಿನಲ್ಲೇ ಚರ್ಚ್ ಕಟ್ಟಿಕೊಂಡರು. ಸಂದರ್ಶಕರು ಪಕ್ಕದ ಭಾಗದಲ್ಲಿ ಕೂರಬೇಕು, ಪೂರ್ತಿ ಒಳಗೆ ಬಿಡುವುದಿಲ್ಲ. ಸಂಜೆ ಬಿಳಿ ನಿಲುವಂಗಿಯವರು ಸಾಲಾಗಿ ಬಂದು ಹಾಡುತ್ತಾರೆ. ವಾದ್ಯದ ಅಬ್ಬರವಿಲ್ಲ, ಮೈಕಿನ ಕಿರುಚಾಟವಿಲ್ಲ. ನಮ್ಮ ಕಡೆ ಬೆಂಚುಗಳಲ್ಲಿ ಬೆರಳೆಣಿಕೆಯ ಜನ. ಇವರ ದಿನ ಬೆಳಗಿನ ಜಾವ ಮೂರೂವರೆ ಹೊತ್ತಿಗೇ ಶುರುವಾಗುತ್ತದಂತೆ. ಅದಕ್ಕೆ ನಾನು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಜೆಲ್ಲಿ ಮಾಡುವುದನ್ನು ನೋಡಬಹುದು ಅಂದುಕೊಂಡು ಹೋಗುವವರೇ ಜಾಸ್ತಿ. ದೊಡ್ಡ ತಾಮ್ರದ ಹಂಡೆ, ಸೌಟು ಹಿಡಿದ ಗಡ್ಡದ ಸ್ವಾಮಿಗಳು, ಹೀಗೆಲ್ಲ ಕನಸು. ಅದೇನೂ ಕಾಣಸಿಗುವುದಿಲ್ಲ. ನಮಗೆ ಸಿಗುವುದು ಚರ್ಚ್ ಮತ್ತು ಅಂಗಡಿ, ಅಷ್ಟೇ.

ಆದರೆ ಹಿಂದಿನ ಕಥೆ ಚೆನ್ನಾಗಿದೆ. 1954ರಲ್ಲಿ ಕೈತೋಟದಲ್ಲಿ ಪುದೀನ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದಿತ್ತು. ಏನು ಮಾಡುವುದು ಅಂತ ಜೆಲ್ಲಿ ಕಾಯಿಸಿದರು. ಹೆಬ್ಬಾಗಿಲ ಹತ್ತಿರ ಮಾರಲು ಇಟ್ಟರೆ ಬೇಗ ಖಾಲಿ. ಅಲ್ಲಿಂದ ವ್ಯಾಪಾರ ಬೆಳೆಯಿತು. ಇದರಲ್ಲಿ ಒಂದು ತಮಾಷೆ ಇದೆ. ಪುದೀನ ಜೆಲ್ಲಿಯನ್ನು ಅಮೆರಿಕದವರು ತಿನ್ನುವುದು ಕುರಿಮರಿ ಮಾಂಸದ ಜೊತೆ. ಈ ಸನ್ಯಾಸಿಗಳು ಪಾಲಿಸುವ ಸಂತ ಬೆನೆಡಿಕ್ಟರ ನಿಯಮದಲ್ಲೋ, ಕಾಯಿಲೆಯವರನ್ನು ಬಿಟ್ಟು ಯಾರೂ ನಾಲ್ಕು ಕಾಲಿನ ಪ್ರಾಣಿ ತಿನ್ನಬಾರದು ಅಂತಿದೆ! ಮಠದ ಸರಕನ್ನು ಹೊರಗಿನವರಿಗಿಂತ ಸ್ವಲ್ಪ ಅಗ್ಗಕ್ಕೆ ಮಾರಿ ಅಂತಲೂ ಅದೇ ನಿಯಮ ಹೇಳುತ್ತದೆ. 2014ರಲ್ಲಿ ಇವರು ಬಿಯರ್ ಮಾರಲು ಶುರು ಮಾಡಿದರು, ಅಮೆರಿಕದ ಮೊದಲ ಟ್ರಾಪಿಸ್ಟ್ ಬಿಯರ್ ಅದು. 2022ರಲ್ಲಿ ಅದನ್ನು ಮುಚ್ಚಿದರು. ಹಾಗಾಗಿ ಹಳೆಯ ಪ್ರವಾಸ ಬರಹ ಓದಿ ಬಿಯರ್ ಆಸೆಗೆ ಹೋಗಬೇಡಿ.

ಊರಿಂದ ಬಂದ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: ಜೆಲ್ಲಿಗೆ ಜೆಲಟಿನ್ ಹಾಕಿದ್ದಾರಾ? ಇಂಥ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಪೆಕ್ಟಿನ್‌ನಿಂದ. ಅದು ಸೇಬು, ಕಿತ್ತಳೆ ಜಾತಿಯ ಹಣ್ಣುಗಳಲ್ಲೇ ಇರುವ ಅಂಶ. ಸಕ್ಕರೆ, ಹುಳಿ ಸೇರಿಸಿ ಕುದಿಸಿದರೆ ಕಟ್ಟಿಕೊಳ್ಳುತ್ತದೆ. ಮೂಳೆ, ಚರ್ಮದ ಜೆಲಟಿನ್ ಬೇಕಾಗುವುದು ಗಟ್ಟಿ ಪುಡಿಂಗಿಗೆ. ಆದರೆ ಇವರಲ್ಲಿ ವೈನ್ ಜೆಲ್ಲಿಗಳೂ ಇವೆ. ವೈನ್ ಬೇಡದವರು ಚೀಟಿ ಓದಿ ತೆಗೆದುಕೊಳ್ಳಿ.

ಊರಿಗೆ ಒಯ್ಯುವುದಾದರೆ ಕೈಚೀಲದಲ್ಲಿ ಇಡಬೇಡಿ. ವಿಮಾನ ನಿಲ್ದಾಣದಲ್ಲಿ ಜೆಲ್ಲಿ, ಜಾಮ್ ಎಲ್ಲ ದ್ರವದ ಲೆಕ್ಕ, 100 ಮಿಲಿ ದಾಟಿದರೆ ಕಸದಬುಟ್ಟಿಗೆ. ಬಾಟಲಿ 340 ಗ್ರಾಮಿನದು, ಗಾಜಿನದು. ಸಾಕ್ಸ್ ಒಳಗೆ ತೂರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದೊಡ್ಡ ಸೂಟ್‌ಕೇಸಿನ ನಡುವೆ ಇಡಿ. ಅಂಗಡಿಯ ಸಮಯವನ್ನು ಅವತ್ತೇ ಫೋನ್ ಮಾಡಿ ಕೇಳಿಕೊಳ್ಳಿ. ಕಿತ್ತಳೆ ಮಾರ್ಮಲೇಡ್ ಇದ್ದರೆ ಎರಡು ತಗೊಳ್ಳಿ, ಕಹಿ ಚೆನ್ನಾಗಿದೆ, ಬಿಸಿ ಚಪಾತಿಗೂ ಆಗುತ್ತದೆ. ಪುದೀನ ಒಂದೇ ಸಾಕು.